ಹನ್ನೊಂದು ಸೆಕೆಂಡು

ಹತ್ತು ಅಂಕಿಯ ಸಂಖ್ಯೆಯನ್ನು ಮುಂದಿಟ್ಟರೆ ಅವಳ ಕಣ್ಣು ಚಾವಣಿಯ ಕಡೆ ಹೋಗುತ್ತದೆ, ತುಟಿ ಎರಡು ಸಲ ಅಲ್ಲಾಡುತ್ತದೆ, ಆಮೇಲೆ ತಾರೀಖು ಬರುತ್ತದೆ, ಬೇಕಿದ್ದರೆ ವಾರವೂ ಬರುತ್ತದೆ. ನೀರು ಸರಬರಾಜು ಕಚೇರಿಯಲ್ಲಿ ಇದು ಗೊತ್ತಿಲ್ಲದವರಿರಲಿಲ್ಲ. ಕ್ಯಾಲೆಂಡರ್ ಮೇಡಂ ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಕರೆಯುವ ಹೆಸರು ಎಂದು ಅವರು ತಿಳಿದಿದ್ದರು. ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು, ಕೇಳಿದಾಗಲೆಲ್ಲ ಒಳಗೊಳಗೇ ಕೋಡು ಮೂಡುತ್ತಿತ್ತು. ಕಂಪ್ಯೂಟರುಗಳಿಗೆ ತಿಂಗಳು ಗೊತ್ತಿಲ್ಲ, ವರ್ಷ ಗೊತ್ತಿಲ್ಲ. ೧೯೭೦ರ ಜನವರಿ ಒಂದನೇ ತಾರೀಖು ಶುರುವಾದ ಗಳಿಗೆಯಿಂದ ಅವು ಸೆಕೆಂಡು ಎಣಿಸುತ್ತ ಕೂತಿವೆ, ಒಂದೇ ಸಮ, ಉಸಿರು ಬಿಡದೆ. ಆ ರಾಶಿಯಿಂದ ಒಬ್ಬ ಮನುಷ್ಯನಿಗೆ ಬೇಕಾದ ಮಂಗಳವಾರವನ್ನೋ ಮಧ್ಯಾಹ್ನವನ್ನೋ ಹೆಕ್ಕಿ ಕೊಡುವುದು ಅವಳ ವಿದ್ಯೆ. ದಿನಕ್ಕೆ ಎಂಬತ್ತಾರು ಸಾವಿರದ ನಾನೂರು ಸೆಕೆಂಡು. ಪ್ರತಿ ವರ್ಷದ ಮೊದಲ ದಿನದ ಸಂಖ್ಯೆ ಅವಳಿಗೆ ಬಾಯಿಪಾಠ, ಬೇರೆಯವರಿಗೆ ಮಕ್ಕಳ ಹುಟ್ಟುಹಬ್ಬ ಇರುವ ಹಾಗೆ. ಕ್ಷಣಾರ್ಧದಲ್ಲಿ ಇದನ್ನು ಮಾಡುವ ಪ್ರೋಗ್ರಾಂಗಳು ಬಂದು ಎಷ್ಟೋ ಕಾಲವಾಯಿತು. ಬರಲಿ. ಕಾರು ಬಂದಿತೆಂದು ನಡೆಯಬಲ್ಲವನು ಕಾಲು ಕತ್ತರಿಸಿಕೊಳ್ಳುತ್ತಾನೆಯೇ ಎಂದು ಅವಳು ಕೇಳುತ್ತಿದ್ದಳು, ಯಾರೂ ಅವಳಿಗೆ ನಿಲ್ಲಿಸು ಎಂದು ಹೇಳಿರದಿದ್ದರೂ.

ಆ ದಿನ ಬೆಳಿಗ್ಗೆ ಮೂರನೇ ಮಹಡಿಯ ಕೋಣೆಯಲ್ಲಿ ಅವಳ ಪಕ್ಕ ಗುತ್ತಿಗೆ ಕಂಪನಿಯಿಂದ ಬಂದ ಪ್ರೋಗ್ರಾಮರ್ ಕೂತಿದ್ದಳು. ಹಳೆಯ ಪಂಪ್‌ಹೌಸುಗಳ ದಾಖಲೆಗಳನ್ನೆಲ್ಲ ಹೊಸ ವ್ಯವಸ್ಥೆಗೆ ಏರಿಸುವ ಕೆಲಸ. ಎಲ್ಲವೂ ಹತ್ತಂಕಿಯ ಸಾಲುಗಳು: ಪಂಪು ಶುರುವಾದ ಸೆಕೆಂಡು, ನಿಂತ ಸೆಕೆಂಡು. ಪರಿವರ್ತನೆ ಸರಿಯಿದೆ ಎಂದು ಕೊನೆಗೆ ಸಹಿ ಹಾಕಬೇಕಾದವಳು ಅವಳು; ಇಡೀ ಕಚೇರಿಯಲ್ಲಿ ಬೇರೆ ಯಾರ ಹೆಸರನ್ನೂ ಯಾರೂ ಸೂಚಿಸಿರಲಿಲ್ಲ. "ಐದೂವರೆ ಗಂಟೆ ಸೇರಿಸ್ಲಾ, ಬೇಡ್ವಾ ಮೇಡಂ?" ಎಂದು ಪ್ರೋಗ್ರಾಮರ್ ಕೇಳಿದಳು. ಲೋಕದ ಕಂಪ್ಯೂಟರುಗಳೆಲ್ಲ ಒಂದೇ ಗಡಿಯಾರಕ್ಕೆ ಎಣಿಸುತ್ತವೆ, ಈ ಊರಿನ ಹೊತ್ತು ಅದಕ್ಕಿಂತ ಐದೂವರೆ ಗಂಟೆ ಮುಂದೆ. "ಸೇರಿಸ್ದೆ ಇನ್ನೇನು? ಅದು ಮೊದಲನೇ ಪಾಠ ಅಲ್ವೇನಮ್ಮ" ಎಂದಳು ಇವಳು, ಸ್ವಲ್ಪ ಜಾಸ್ತಿಯೇ ಗಟ್ಟಿಯಾಗಿ, ಆಚೆ ಮೇಜಿನವರಿಗೂ ಕೇಳಲಿ ಎಂದು. ಸಾಲುಗಳು ಪರದೆಯ ಮೇಲೆ ಓಡಿದವು. ಎರಡನೇ ನಂಬರ್ ಪಂಪ್‌ಹೌಸಿನ ಕೊನೆಯ ಸಾಲು ಬಂದಾಗ ಪ್ರೋಗ್ರಾಮರ್ ಬೆರಳಿಟ್ಟು ತೋರಿಸಿದಳು. "ಇದು ಹಳೇ ಯಂತ್ರ ನಿಲ್ಲಿಸಿದ ದಿನ ಅಲ್ವಾ ಮೇಡಂ? ಸಾಯಂಕಾಲ ಐದೂವರೆಗೆ ನಿಲ್ಸಿದ್ರಾ?"

ಅಲ್ಲ, ಮಧ್ಯಾಹ್ನ. ಅದನ್ನು ನೋಡಲು ಅವಳು ಲೆಕ್ಕ ಹಾಕಬೇಕಾಗಿರಲಿಲ್ಲ, ತಲೆಯೆತ್ತಿದರೆ ಸಾಕಿತ್ತು. ಎದುರಿನ ಗೋಡೆಯ ಮೇಲೆ ಆ ದಿನದ ಫೋಟೋ ಇತ್ತು, ೨೦೧೨ರ ಮಾರ್ಚ್ ಮೂವತ್ತು, ಶುಕ್ರವಾರ. ಹೊಸ ಯಂತ್ರ ಕೂರಿಸುವ ಮೊದಲು ಹಳೆಯದನ್ನು ನಿಲ್ಲಿಸುವ ಗುಂಡಿ ಒತ್ತಲು ಅವಳನ್ನೇ ಕರೆದಿದ್ದರು. ಫೋಟೋದಲ್ಲಿ ಅವಳ ಬೆರಳು ಕೆಂಪು ಗುಂಡಿಯ ಮೇಲಿದೆ, ತಲೆಯ ಮೇಲೆ ಗಡಿಯಾರದ ಎರಡೂ ಮುಳ್ಳು ಒಂದಾಗಿ ನಿಂತಿವೆ. ಪರದೆಯ ಸಾಲಿನಲ್ಲಿ 1333108840. ತುಟಿ ಎರಡು ಸಲ ಅಲ್ಲಾಡಿತು. ಐದೂವರೆ ಗಂಟೆ ಸೇರಿಸದೆ ಓದಿದರೆ ಹನ್ನೆರಡು ಗಂಟೆ ನಲವತ್ತು ಸೆಕೆಂಡು. ಸೇರಿಸಿದರೆ ಸಂಜೆ. ಅಂದರೆ ಈ ಒಂದು ಯಂತ್ರಕ್ಕೆ ಐದೂವರೆ ಗಂಟೆ ಸೇರಿಸಕೂಡದು. ಅದನ್ನು ಕೂರಿಸಿದ ಫಿಟ್ಟರ್ ಲೋಕದ ಗಡಿಯಾರದ ಗೊಡವೆಗೆ ಹೋಗದೆ ತನ್ನ ಕೈಗಡಿಯಾರ ನೋಡಿ ಹೊತ್ತು ತುಂಬಿಸಿಬಿಟ್ಟಿದ್ದ. ಪಂಪು ಹಾಕುವವರಿಗೆ ಬೇಕಾದ ಹೊತ್ತು ಅದೇ ತಾನೇ ಎಂದುಕೊಂಡಿರಬೇಕು, ಪುಣ್ಯಾತ್ಮ. "ಬರೀ ಈ ಪಂಪ್‌ಹೌಸಿಗೆ ಐದೂವರೆ ಗಂಟೆ ತೆಗೆದುಬಿಡ್ಲಾ?" ಎಂದಳು ಪ್ರೋಗ್ರಾಮರ್, ಸಲೀಸಾಗಿ. "ಇರು" ಎಂದು ಅವಳು ಎದ್ದಳು. ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಹೋಗಿ ಗೋಡೆಗೆ ತಾಗಿತು.

ಕೈತೊಳೆಯುವ ಜಾಗದಲ್ಲಿ ನಲ್ಲಿ ಬಿಟ್ಟು ನೀರು ಬೀಳುವುದನ್ನು ನೋಡುತ್ತ ನಿಂತಳು. ಎರಡನೇ ನಂಬರ್ ಪಂಪ್‌ಹೌಸು ಅಪ್ಪನದು. ಸರ್ಕಾರದ್ದು ಎಂದು ಬೋರ್ಡು ಹೇಳುತ್ತಿತ್ತು, ಇರಲಿ, ಇಪ್ಪತ್ತಾರು ವರ್ಷ ಬೆಳಗಿನ ಐದು ಗಂಟೆಗೆ ಅದರ ಬೀಗ ತೆಗೆದವರು ಅಪ್ಪ. ಶಾಲೆಗೆ ಹೋಗುವ ಮೊದಲು ಅವಳು ನಲ್ಲಿ ತಿರುಗಿಸಿದಾಗ ನೀರು ಬಂದರೆ ಅಪ್ಪ ಬಂದರು ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಇಷ್ಟು ಯೋಚನೆಯ ಕೆಳಗೆ ಇನ್ನೊಂದು ಸಂಖ್ಯೆ ಮೇಲೆ ಬರಲು ಒದ್ದಾಡುತ್ತಿತ್ತು. ಅದನ್ನು ಒತ್ತಿ ಹಿಡಿಯುವ ಶಕ್ತಿ ಅವಳಿಗಿರಲಿಲ್ಲ. 1147842131. ಹದಿನೆಂಟು ವರ್ಷದಿಂದ ಅದು ಅವಳ ತಲೆಯಲ್ಲಿ ಇದ್ದೇ ಇತ್ತು, ಮೊದಲು ಬಂದ ಬಹುಮಾನದ ಹಾಗೆ. ೨೦೦೬ರ ಮೊದಲ ದಿನದ ಸಂಖ್ಯೆ ಕಳೆದರೆ ನೂರಮೂವತ್ತಾರು ದಿನ, ಮಿಕ್ಕದ್ದು ಹದಿನೆಂಟು ಸಾವಿರದ ನೂರಮೂವತ್ತೊಂದು ಸೆಕೆಂಡು. ಮೇ ಹದಿನೇಳು, ಬುಧವಾರ. ಬೆಳಿಗ್ಗೆ ಐದು ಗಂಟೆ ಎರಡು ನಿಮಿಷ ಹನ್ನೊಂದು ಸೆಕೆಂಡು. ಅವಳು ಅಂದು ಹೇಳಿದ್ದು ಹತ್ತು ಗಂಟೆ ಮೂವತ್ತೆರಡು ನಿಮಿಷ.

ಆಗ ಅವಳಿಗೆ ಇಪ್ಪತ್ತೆರಡು. ಇದೇ ಕಚೇರಿಗೆ ಸೇರಿ ಎರಡು ತಿಂಗಳಾಗಿತ್ತು, ತರಬೇತಿ ಮುಗಿಸಿ ಮೂರು ವಾರ. ಬಿಲ್ಲು ಮಾಡುವ ಯಂತ್ರಗಳಿಗೆಲ್ಲ ಐದೂವರೆ ಗಂಟೆ ಸೇರಿಸಲೇಬೇಕೆಂದು ಪಾಠ ಹೇಳಿದವನು ಮೇಜು ಕುಟ್ಟಿ ಹೇಳಿದ್ದ, ಇವಳೂ ಮೇಜು ಕುಟ್ಟಿಯೇ ಕಲಿತಿದ್ದಳು. ಆ ಬುಧವಾರ ಮೇಲಿನ ಬಡಾವಣೆಗೆ ಮಧ್ಯಾಹ್ನದವರೆಗೂ ನೀರು ಬರಲಿಲ್ಲ. ಆಸ್ಪತ್ರೆಯಲ್ಲಿ ಆಪರೇಷನ್ನುಗಳನ್ನು ಮುಂದಕ್ಕೆ ಹಾಕಿದರು. ಹತ್ತು ದಿನ ಬಿಟ್ಟು ವಿಚಾರಣೆ. ದೊಡ್ಡ ಸಾಹೇಬರ ಕೋಣೆಯಲ್ಲಿ ಉದ್ದ ಮೇಜು, ಏಳು ಜನ. ಅಪ್ಪ ನಿಂತಿದ್ದರು. ಐದಕ್ಕೇ ಪಂಪು ಹಾಕಿದೆ ಸಾರ್, ಬೀಗ ಸಿಕ್ಕಿಹಾಕ್ಕೊಂಡು ಎರಡು ನಿಮಿಷ ತಡ ಆಯ್ತು ಅಷ್ಟೇ ಎಂದಿದ್ದರು. ಆ ಬೆಳಗಿನ ಕಾಗದದ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆ ಇತ್ತು, ಅದನ್ನು ಓದಲು ಯಾರಿಗೂ ಬರಲಿಲ್ಲ. "ಇದನ್ನ ಯಾರ್ರೀ ಓದ್ತಾರೆ?" ಎಂದು ಸಾಹೇಬರು ಕೇಳಿದಾಗ ಅಪ್ಪ ಹೇಳಿದ ಮಾತು ಅವಳಿಗೆ ನಲ್ಲಿಯ ಸದ್ದಿನೊಳಗಿಂದ ಮತ್ತೆ ಕೇಳಿಸಿತು. "ನನ್ನ ಮಗಳು ಓದ್ತಾಳೆ ಸಾರ್. ಕೆಳಗಡೆ ಸೆಕ್ಷನ್ನಲ್ಲಿದಾಳೆ. ಕರೀರಿ." ಕರೆದರು. ಅವಳು ಕಾಗದ ಪೆನ್ಸಿಲ್ಲು ಮುಟ್ಟಲಿಲ್ಲ. ಚಾವಣಿ ನೋಡಿದಳು, ತುಟಿ ಅಲ್ಲಾಡಿಸಿದಳು, ತಾರೀಖು ವಾರ ಗಂಟೆ ನಿಮಿಷ ಸೆಕೆಂಡು ಎಲ್ಲವನ್ನೂ ಹೇಳಿಬಿಟ್ಟಳು. ಏಳು ಜನರಲ್ಲಿ ಒಬ್ಬರು ಅಬ್ಬಾ ಎಂದರು. ಆ ಅಬ್ಬಾ ಅವಳ ಕಿವಿಗೆ ಬಿದ್ದಷ್ಟು ಬೇಗ ತಾನು ಹೇಳಿದ್ದರ ಅರ್ಥ ತಲೆಗೆ ಹೋಗಲಿಲ್ಲ.

ಹಿಂದಿನ ದಿನದ ಪಟ್ಟಿಯನ್ನು ತರಿಸಿ ಓದಿದ್ದರೆ ಸಾಕಿತ್ತು. ಆ ದಿನವೂ ಹತ್ತೂವರೆ, ಅದರ ಹಿಂದಿನ ದಿನವೂ ಹತ್ತೂವರೆ ಎಂದು ಬರುತ್ತಿತ್ತು, ಹಾಗಾದರೆ ಊರಿಗೆ ದಿನಾ ನೀರು ಕೊಟ್ಟವರು ಯಾರು ಎಂದು ಹಸುಗೂಸೂ ಕೇಳುತ್ತಿತ್ತು. ಸಾಹೇಬರು ಕೇಳಲಿಲ್ಲ, ಅವಳೂ ಕೇಳಲಿಲ್ಲ. ನೀರು ಬಂದದ್ದು ಮಧ್ಯಾಹ್ನಕ್ಕೆ, ಲೆಕ್ಕ ಹೊಂದಿತ್ತು. "ಎರಡು ನಿಮಿಷ ಅಂದ್ರಿ, ಐದೂವರೆ ಗಂಟೆ ಹೊತ್ತು ಬೀಗ ತೆಗೀತಿದ್ರೇನ್ರೀ?" ಎಂದರು ಸಾಹೇಬರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಜೋರಾಗಿ ಅಲ್ಲ, ಹಲ್ಲು ಕಾಣಿಸದಷ್ಟು, ದೊಡ್ಡವರ ನಗೆಯಲ್ಲಿ ಜಾಗ ಸಿಕ್ಕಿತಲ್ಲ ಎಂಬಷ್ಟು. ಅಪ್ಪ ಅವಳನ್ನೇ ನೋಡಿ ಮೆಲ್ಲಗೆ, "ಪುಟ್ಟೀ, ಎರಡು ಸಲ ನೋಡಿದ್ಯಾ?" ಎಂದರು. "ಮೂರು ಸಲ ನೋಡ್ದೆ ಅಪ್ಪ." ಅಪ್ಪ ತಲೆಯಾಡಿಸಿದರು. "ಹಾಗಾದ್ರೆ ನಾನೇ ಎಲ್ಲೋ ಕುರ್ಚಿ ಮೇಲೆ ಕಣ್ಣು ಮುಚ್ಚಿರ್ಬೇಕು ಸಾರ್. ಬರ್ಕೊಳ್ಳಿ." ಮೇಲಿನ ಬಡಾವಣೆಯ ದಾರಿಯಲ್ಲಿ ಒಂದು ವಾಲ್ವ್ ಆಗಾಗ ತಾನಾಗಿ ಮುಚ್ಚಿಕೊಳ್ಳುತ್ತದೆಂದು ಮುಂದಿನ ತಿಂಗಳು ಗೊತ್ತಾಗಿ ಬದಲಾಯಿಸಿದರು. ಅದಕ್ಕೂ ಆ ಬುಧವಾರಕ್ಕೂ ಗಂಟು ಹಾಕುವ ಕೆಲಸವನ್ನು ಯಾರೂ ಮಾಡಲಿಲ್ಲ, ತಪ್ಪಿತಸ್ಥ ಅಷ್ಟು ಹೊತ್ತಿಗೆ ಸಿಕ್ಕಿಯಾಗಿತ್ತು.

ಅಪ್ಪ ಪಂಪ್‌ಹೌಸಿನ ಬೀಗದಕೈ ಒಪ್ಪಿಸಿದರು. ನಿವೃತ್ತಿಯಾಗುವವರೆಗೆ ಮನೆಮನೆ ತಿರುಗಿ ಮೀಟರು ಓದಿದರು. ಅವರು ಬೈಯಲಿಲ್ಲ, ಅಳಲಿಲ್ಲ. ಎರಡು ಅಲಾರಂ ಗಡಿಯಾರ ಕೊಂಡು ತಂದರು. ಒಂದು ತಲೆದಿಂಬಿನ ಹತ್ತಿರ, ಒಂದು ಕಿಟಕಿಯಲ್ಲಿ. ಎದ್ದು ಮಾಡುವ ಕೆಲಸವೇ ಇಲ್ಲದ ಈ ಹೊತ್ತಿಗೂ ಎರಡೂ ಐದಕ್ಕೆ ಬಡಿದುಕೊಳ್ಳುತ್ತವೆ. ಅಮ್ಮ ಇದ್ದಷ್ಟು ದಿನ, ಆ ಮನುಷ್ಯ ಕೆಲಸದ ಮೇಲೆ ನಿದ್ದೆ ಮಾಡೋರಲ್ಲ ಕಣೆ ಎನ್ನುತ್ತಿದ್ದಳು. "ನಂಬರ್ ಸುಳ್ಳು ಹೇಳತ್ತಾ ಅಮ್ಮ?" ಎಂದು ಇವಳು ಅಮ್ಮನ ಬಾಯಿ ಮುಚ್ಚಿಸಿದ್ದಳು. ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಗಾದರೂ ತಾನು ತಿಂದದ್ದು ಗೊತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅಪ್ಪ ಆ ವಿಚಾರಣೆಯನ್ನು ಕಥೆ ಮಾಡಿಕೊಂಡದ್ದು. ಕ್ಷೌರದಂಗಡಿಯಲ್ಲಿ, ಬಸ್ಸಿನಲ್ಲಿ, ದಿನಾ ಸಂಜೆ ಬರುವ ಪಕ್ಕದ ಮನೆಯ ದರ್ಜಿಯ ಮುಂದೆ, ಅವರು ಅದನ್ನು ಮಗಳ ಕಥೆಯಾಗಿ ಹೇಳುತ್ತಿದ್ದರು. ಏಳು ಜನ ಅಧಿಕಾರಿಗಳು, ಒಂದು ಸಂಖ್ಯೆ, ಕೈಯಲ್ಲಿ ಪೆನ್ಸಿಲ್ ಕೂಡ ಇಲ್ಲ, ಸೆಕೆಂಡು ಸಮೇತ ಹೇಳಿಬಿಟ್ಟಳು ಕಣ್ರೀ! ತಮ್ಮ ಕೆಲಸ ಹೋದದ್ದು ಆ ಕಥೆಯಲ್ಲಿ ಹೇಳದೆ ವಿಧಿಯಿಲ್ಲದ ಒಂದು ಸಣ್ಣ ವಿವರ. ಕೇಳುತ್ತ ಕೇಳುತ್ತ ಅವಳೂ ಹಾಗೆಯೇ ನಂಬಿದ್ದಳು. ನಿಜ ಹೇಳಬೇಕೆಂದರೆ, ದರ್ಜಿ ಹೊಸಬರನ್ನು ಕರೆದುಕೊಂಡು ಬಂದ ದಿನ ಅಪ್ಪ ಯಾವಾಗ ಆ ಕಥೆ ಎತ್ತುತ್ತಾರೋ ಎಂದು ಒಳಗೆ ಕಿವಿ ಕೊಟ್ಟು ಕಾದದ್ದೂ ಉಂಟು.

ವಾಪಸು ಬಂದಾಗ ಪ್ರೋಗ್ರಾಮರ್ ಐದೂವರೆ ಗಂಟೆಯನ್ನು ತೆಗೆದು ಸಾಲುಗಳನ್ನು ಸರಿಮಾಡಿಯಾಗಿತ್ತು. ಸಾವಿರಾರು ಬೆಳಗುಗಳು ಐದು ಗಂಟೆಗೆ ಬಂದು ನಿಂತಿದ್ದವು: ಐದು ಗಂಟೆ ಹತ್ತು ಸೆಕೆಂಡು, ನಾಲ್ಕು ಐವತ್ತೊಂಬತ್ತು, ಐದು ಗಂಟೆ ಮೂರು ಸೆಕೆಂಡು. ಅವಳು ಕೆಳಗೆ ಕೆಳಗೆ ಸರಿಸುತ್ತ ಹೋದಳು. ಅಪ್ಪ ಇಷ್ಟು ಕರಾರುವಾಕ್ಕಾಗಿ ಇದ್ದರೆಂದು ಅವಳಿಗೇ ಗೊತ್ತಿರಲಿಲ್ಲ. ಎದೆ ಉಬ್ಬಿ ಬಂತು, ಕೂಡಲೇ ನಾಚಿಕೆಯಾಯಿತು, ಆದರೂ ಉಬ್ಬಿದ್ದು ಇಳಿಯಲಿಲ್ಲ. ಅಪ್ಪನ ಕಾಲದ ಇಡೀ ಪಟ್ಟಿಯಲ್ಲಿ ತಡವಾದದ್ದು ಒಂದೇ ಬೆಳಗು, ಎರಡು ನಿಮಿಷ ಹನ್ನೊಂದು ಸೆಕೆಂಡು. ಸುಮ್ಮನೆ ಸಹಿ ಹಾಕಿದರೆ ಮುಗಿಯಿತು. ಈ ಸಾಲನ್ನು ತೆಗೆದು ನೋಡುವ ನರಪಿಳ್ಳೆಯೂ ಇಲ್ಲ. ಅಪ್ಪನ ಹತ್ತಿರ ಇರುವ ಒಂದೇ ಕಥೆ ಅಪ್ಪನ ಹತ್ತಿರವೇ ಇರುತ್ತದೆ, ಕ್ಯಾಲೆಂಡರ್ ಮೇಡಂ ಕ್ಯಾಲೆಂಡರ್ ಮೇಡಂ ಆಗಿಯೇ ಇರುತ್ತಾಳೆ. ಎಪ್ಪತ್ತೆರಡರ ಮುದುಕರಿಗೆ ಈಗ ಹೇಳಿ ಮಾಡುವುದೇನು? ಅವರಿಗೋಸ್ಕರ ಹೇಳದಿರುವುದೇ ವಾಸಿ ಎಂದು ಮನಸ್ಸು ಎಷ್ಟು ಚೆನ್ನಾಗಿ ವಾದ ಮಾಡಿತೆಂದರೆ, ಆ ಚಂದವನ್ನು ಕಂಡೇ ಅವಳಿಗೆ ಹೇಸಿಗೆಯಾಯಿತು. ಅವರಿಗೋಸ್ಕರ ಅಂತೆ! ಎರಡು ಗಡಿಯಾರ ಇಟ್ಟುಕೊಂಡು ಮಲಗುವ ಮನುಷ್ಯನಿಗೋಸ್ಕರ!

ಅವಳು ಒಂದು ಬಿಳಿ ಹಾಳೆ ತೆಗೆದು ಕೈಯಲ್ಲೇ ಬರೆದಳು. ಇಂಥ ಸಂಖ್ಯೆ, ಇಂಥ ಪರಿವರ್ತನೆ, ಐದೂವರೆ ಗಂಟೆ ತಪ್ಪಾಗಿ ಸೇರಿದೆ; ಪಂಪು ಆ ದಿನ ಬೆಳಿಗ್ಗೆ ಐದು ಎರಡಕ್ಕೆ ಶುರುವಾಗಿದೆ; ಆಪರೇಟರ ಸೇವಾ ಪುಸ್ತಕದಲ್ಲಿರುವ ಷರಾ ರದ್ದಾಗಬೇಕು; ತಪ್ಪು ಮಾಡಿದವರು, ಎಂದು ಬರೆದು ತನ್ನ ಹೆಸರು ಬರೆದಳು. ಅಕ್ಷರ ದುಂಡಗಿತ್ತು. ಸೂಪರಿಂಟೆಂಡೆಂಟ್ ಓದಿ ಕನ್ನಡಕ ತೆಗೆದರು. "ಹಳೇದೆಲ್ಲ ಯಾಕಮ್ಮ ಕೆದಕ್ತೀರಿ? ನಿಮ್ಮ ತಂದೆ ರಿಟೈರಾಗಿ ಯಾವ ಕಾಲ ಆಯ್ತು. ನಿಮ್ಮ ಹೆಸರಿಗೆ ಯಾಕೆ ನೀವೇ ಮಸಿ ಬಳ್ಕೋತೀರಾ?" "ಲೆಕ್ಕ ನಂದು ಸಾರ್" ಎಂದಳು ಅವಳು. "ಸರಿ ಇದ್ದಾಗೆಲ್ಲ ನಂದು ಅಂತ ಹೇಳ್ಕೊಂಡು ತಿರುಗಿದೀನಿ." ಅವರು ಮೊಹರು ಒತ್ತಿ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮೂರೂ ಮಹಡಿಗೆ ಸುದ್ದಿ ಹೋಗಿತ್ತು. ಊಟದ ಕೋಣೆಯಲ್ಲಿ ಅವಳು ಕಾಲಿಟ್ಟಾಗ ಒಂದು ಮಾತು ಅರ್ಧಕ್ಕೆ ನಿಂತಿತು. ಯಾರೋ, "ಬನ್ನಿ ಮೇಡಂ" ಎಂದು ಜಾಗ ಬಿಟ್ಟುಕೊಟ್ಟರು, ಕಾಯಿಲೆಯವರಿಗೆ ಬಿಟ್ಟುಕೊಡುವ ಹಾಗೆ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು ಪೂರ್ತಿ ಊಟ ಮಾಡಿದಳು.

ಸಂಜೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಅಪ್ಪ ಕೂತು ಹಳೆಯ ನಲ್ಲಿಯೊಂದರ ವಾಷರ್ ಬದಲಾಯಿಸುತ್ತಿದ್ದರು. ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಅವಳು ಎದುರು ನಿಂತಳು. "ಅಪ್ಪಾ, ನೀವು ಆವತ್ತು ನಿದ್ದೆ ಮಾಡಿರ್ಲಿಲ್ಲ" ಎಂದಳು. ಯಾವತ್ತು ಎಂದು ಅವರು ಕೇಳಲಿಲ್ಲ. ಅವಳು ಎಲ್ಲ ಹೇಳಿದಳು: ಫಿಟ್ಟರನ ಕೈಗಡಿಯಾರ, ಐದೂವರೆ ಗಂಟೆ, ಗೋಡೆಯ ಫೋಟೋ, ಮೊಹರು ಬಿದ್ದ ಹಾಳೆ. ಹೇಳುವಾಗ ಅವರ ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಿದ್ದಳು, ಅದು ಅಲ್ಲಾಡಲಿಲ್ಲ. "ಎಷ್ಟು ಗಂಟೆ ಅಂದೆ?" ಎಂದರು. "ಐದು ಗಂಟೆ ಎರಡು ನಿಮಿಷ ಹನ್ನೊಂದು ಸೆಕೆಂಡು."

ಅಪ್ಪ ಸ್ಪ್ಯಾನರನ್ನು ಕೆಳಗಿಟ್ಟರು. "ಬೀಗ" ಎಂದರು. "ಹಿಂದಿನ ದಿನ ಯಾರೋ ಒಳಗೆ ಗ್ರೀಸು ತುಂಬಿದ್ರು. ಬೀಗದಕೈ ಜಾರ್ತಿತ್ತು. ಅಂಗಿ ತುದೀಲಿ ಒರೆಸ್ಕೊಂಡು ಮತ್ತೆ ಹಾಕ್ದೆ. ಆ ಅಂಗಿ ಕಲೆ ಹೋಗ್ಲೇ ಇಲ್ಲ, ನಿಮ್ಮಮ್ಮ ಬೈದಳು." ಅವರ ದನಿ ಏರುತ್ತಿತ್ತು. "ಎರಡು ನಿಮಿಷ ಬೀಗದ್ದು ಅಂತ ಹೇಳಿದ್ನಲ್ಲೇ! ಹೇಳಿದ್ನಲ್ಲ ಅವರಿಗೆಲ್ಲ! ನೀನೂ ನಗ್ತಿದ್ದೆ."

"ನಕ್ಕೆ ಅಪ್ಪ."

"ಹದಿನೆಂಟು ವರ್ಷ ಕಣೆ. ದಿನಾ ಮಲಗೋವಾಗ ಅನ್ಕೋತಿದ್ದೆ, ಕೂತಲ್ಲೇ ಐದೂವರೆ ಗಂಟೆ ಮಲಗೋ ಅಂಥವನು ನಾನು ಹೆಂಗಾದೆ ಅಂತ. ನನ್ನ ತಲೆ ಮೇಲೆ ನನಗೇ ನಂಬಿಕೆ ಹೋಗಿತ್ತು." ಅವರು ಎದ್ದು ಒಳಗೆ ಹೋದರು. ಅವಳು ಅವರ ಹಿಂದೆಯೇ ಒಳಬಂದು ನಡುಮನೆಯ ಬೆಂಚಿನ ಮೇಲೆ ಕೂತಳು. ಕ್ಷಮಿಸಿ ಎಂದು ಹೇಳಿ ಹಗುರಾಗುವ ಹಕ್ಕು ತನಗಿಲ್ಲ ಎನ್ನಿಸಿತು. ಅಪ್ಪ ಕೋಣೆಯಿಂದ ಬಂದಾಗ ಎರಡು ಕೈಯಲ್ಲಿ ಎರಡು ಗಡಿಯಾರಗಳಿದ್ದವು. ಅವನ್ನು ಅವಳ ಮಡಿಲಲ್ಲಿ ಇಟ್ಟರು. "ಇವು ನಿಂದು. ನನಗೆ ಬೇಡ" ಎಂದು ಮತ್ತೆ ಮೆಟ್ಟಿಲಿಗೆ ಹೋದರು.

ಹೊರಗೆ ಗೇಟಿನ ಸದ್ದಾಯಿತು. ದರ್ಜಿ ಬಂದಿದ್ದರು, ಎಂದಿನಂತೆ ಕೆಮ್ಮಿಕೊಂಡು. "ಏನ್ರೀ, ಮುಖ ಕೆಂಪಾಗಿದೆ?" ಎಂದರು. ಅಪ್ಪ ಮತ್ತೆ ಸ್ಪ್ಯಾನರ್ ಎತ್ತಿಕೊಂಡರು. ಅವಳು ಒಳಗೆ ಕಿವಿಗೊಟ್ಟು ಕೂತಳು. ಇನ್ನು ಅಪ್ಪನಿಗೆ ಹೇಳಲು ಕಥೆಯಿಲ್ಲ. ಇದ್ದರೂ ಅದು ಮಗಳು ಅಪ್ಪನನ್ನು ಮುಳುಗಿಸಿದ ಕಥೆ, ಅದನ್ನು ಯಾವ ಅಪ್ಪ ಯಾರಿಗೆ ಹೇಳಿಯಾನು? ಮಡಿಲಲ್ಲಿ ಗಡಿಯಾರಗಳು ಒಂದಕ್ಕೊಂದು ಹೊಂದದೆ ಟಿಕ್ ಟಿಕ್ ಎನ್ನುತ್ತಿದ್ದವು. ಆಮೇಲೆ ಅಪ್ಪನ ಗಂಟಲು ಸರಿಮಾಡಿಕೊಳ್ಳುವ ಸದ್ದು ಬಂತು. ಕಥೆ ಶುರು ಮಾಡುವಾಗ ಅವರು ಯಾವತ್ತೂ ಮಾಡುವ ಸದ್ದು ಅದು.

"ಕೂತ್ಕೊಳ್ರೀ, ಒಂದು ವಿಷಯ ಹೇಳ್ತೀನಿ. ನನ್ನ ಮಗಳು ಒಂದು ತಪ್ಪು ಮಾಡಿದ್ಲು. ಅದನ್ನ ಬೇರೆ ಯಾರಿಂದ್ಲೂ ಕಂಡುಹಿಡಿಯಕ್ಕೆ ಆಗ್ಲಿಲ್ಲ, ಅಷ್ಟು ಜನ ಆಫೀಸರುಗಳಿದ್ರು, ಒಬ್ಬನಿಗೂ ಆಗ್ಲಿಲ್ಲ. ಅವಳೇ ಹಿಡಿದ್ಲು, ಅವಳೇ ಬರೆದು ಸಹಿ ಹಾಕಿದ್ಲು. ಇನ್ನು ನನ್ನ ವಿಷಯ ಕೇಳಿ. ಆವತ್ತು ಬುಧವಾರ. ನಾನು ಪಂಪು ಹಾಕಿದ್ದು ಬೆಳಿಗ್ಗೆ ಐದು ಗಂಟೆ ಎರಡು ನಿಮಿಷ..." ಅಲ್ಲಿಗೆ ನಿಲ್ಲಿಸಿ ಒಳಗೆ ಮುಖ ಮಾಡಿ ಕೂಗಿದರು. ಕೋಪ ಇನ್ನೂ ದನಿಯಲ್ಲಿತ್ತು. "ಎಷ್ಟು ಸೆಕೆಂಡೇ ಅದು?"

ಅವಳು ಚಾವಣಿ ನೋಡಲಿಲ್ಲ. ಎರಡೂ ಗಡಿಯಾರಗಳನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತು, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ಹನ್ನೊಂದು ಅಪ್ಪಾ" ಎಂದಳು.

"ಹನ್ನೊಂದು" ಎಂದರು ಅಪ್ಪ ದರ್ಜಿಗೆ, ತಾವೇ ಎಣಿಸಿದವರ ಹಾಗೆ.